ಅಯುತ್ಥಾಯ ನೋಡುವುದು ಹೇಗೆ: ಬಿಸಿಲಿನ ಲೆಕ್ಕ ಹಾಕಿ ಸುತ್ತುವವರಿಗೆ ಎರಡು ದಿನದ ಸಮಗ್ರ ಮಾರ್ಗದರ್ಶಿ

ಬ್ಯಾಂಕಾಕ್‌ಗೆ ಹೋಗಿ ಬಂದವರನ್ನು ಅಯುತ್ಥಾಯ ಹೇಗಿತ್ತು ಅಂತ ಕೇಳಿ ನೋಡಿ. "ಅಯ್ಯೋ ಬಿಸಿಲು ರೀ. ಬರೀ ಇಟ್ಟಿಗೆ ಗುಡ್ಡೆ. ಒಂದು ಮರದ ಬೇರಲ್ಲಿ ಬುದ್ಧನ ತಲೆ ಇದೆ, ಅದು ಚೆನ್ನಾಗಿತ್ತು" ಅಂತಾರೆ. ಅವರ ತಪ್ಪೂ ಅಲ್ಲ, ಊರಿನ ತಪ್ಪೂ ಅಲ್ಲ. ಟೂರ್ ವ್ಯಾನು ಅವರನ್ನು ಬೆಳಿಗ್ಗೆ ಹತ್ತೂವರೆಗೆ ಇಳಿಸಿ, ನೆತ್ತಿ ಸುಡುವ ಹೊತ್ತಲ್ಲಿ ಮೂರು ದೇವಾಲಯ ಸುತ್ತಿಸಿ, ಮೂರು ಗಂಟೆಗೆ ವಾಪಸ್ ಹತ್ತಿಸಿಕೊಂಡು ಹೋಗಿರುತ್ತದೆ. ಅಂದರೆ ಊರು ಚಂದ ಕಾಣುವ ಎರಡೂ ಹೊತ್ತು ಅವರ ಕೈತಪ್ಪಿರುತ್ತದೆ. ನನ್ನ ಮೊದಲ ಭೇಟಿಯೂ ಹೀಗೇ ಆಗಿತ್ತು. ಎರಡನೇ ಸಲ ಒಂದು ರಾತ್ರಿ ಅಲ್ಲೇ ಉಳಿದೆ. ಅದೇ ಇಟ್ಟಿಗೆ, ಬೇರೆಯದೇ ಊರು.

ಹಾಗಾಗಿ ಈ ಬರಹದಲ್ಲಿ ಜಾಗಗಳನ್ನು ಹೆಸರಿನ ಪ್ರಕಾರ ಅಲ್ಲ, ಬಿಸಿಲಿನ ಪ್ರಕಾರ ಜೋಡಿಸಿದ್ದೇನೆ. ಬೆಳಿಗ್ಗೆ ದ್ವೀಪ, ಮಧ್ಯಾಹ್ನ ನೆರಳು, ಸಂಜೆ ನದಿ. ಇಷ್ಟು ನೆನಪಿಟ್ಟುಕೊಂಡರೆ ಉಳಿದದ್ದು ಹಿಂದೆ ಮುಂದೆ ಆದರೂ ಪರವಾಗಿಲ್ಲ.

ಹೋಗುವ ಮುಂಚೆ ಇಷ್ಟು ಗೊತ್ತಿರಲಿ

ಅಯುತ್ಥಾಯ ಅಂದರೆ ಅಯೋಧ್ಯೆ. ಹೆಸರು ಅಲ್ಲಿಂದಲೇ ಬಂದದ್ದು. 1350ರಲ್ಲಿ ಉ ಥಾಂಗ್ ಅನ್ನುವ ದೊರೆ ಇದನ್ನು ರಾಜಧಾನಿ ಮಾಡಿಕೊಂಡ. ಪಟ್ಟಕ್ಕೆ ಬಂದ ಮೇಲೆ ಅವನ ಹೆಸರು ರಾಮಾಧಿಪತಿ. ಚಾವೊ ಫ್ರಾಯಾ, ಪಾಸಕ್, ಲೋಪ್‌ಬುರಿ ಎಂಬ ಮೂರು ನದಿಗಳು ಸೇರುವ ಜಾಗ ಇದು. ಒಂದು ಕಡೆ ಕಾಲುವೆ ತೋಡಿದ್ದೇ ತಡ, ಊರು ದ್ವೀಪವಾಯಿತು. 417 ವರ್ಷ ಸಯಾಮಿನ, ಅಂದರೆ ಹಳೇ ಥಾಯ್ಲೆಂಡಿನ, ರಾಜಧಾನಿಯಾಗಿ ಮೆರೆಯಿತು. 1767ರ ಏಪ್ರಿಲ್‌ನಲ್ಲಿ ಬರ್ಮಾ ಸೈನ್ಯ ಒಳನುಗ್ಗಿ ಸುಟ್ಟು ಹಾಕಿತು.

ನಮಗೆ ತಕ್ಷಣ ಹಂಪಿ ನೆನಪಾಗುತ್ತದೆ, ಅಲ್ವಾ? ಹೋಲಿಕೆ ಸುಮ್ನೆ ಬಾಯಿಮಾತಿನದಲ್ಲ. ಎರಡೂ 14ನೇ ಶತಮಾನದಲ್ಲಿ ಹುಟ್ಟಿದ ರಾಜಧಾನಿಗಳು. ಎರಡೂ ಯುದ್ಧದಲ್ಲಿ ಸೋತು ಪಾಳುಬಿದ್ದವು. ಎರಡೂ ಈಗ ಯುನೆಸ್ಕೊ ಪಟ್ಟಿಯಲ್ಲಿವೆ, ಹಂಪಿ 1986ರಿಂದ, ಅಯುತ್ಥಾಯ 1991ರಿಂದ. ಪೋರ್ಚುಗೀಸರು ಎರಡೂ ಕಡೆ ಬಂದಿದ್ದರು. 1510ರಲ್ಲಿ ಗೋವಾ ಹಿಡಿದ ಆಲ್ಬುಕರ್ಕ್ ಮರುವರ್ಷ ಮಲಕ್ಕಾ ಹಿಡಿದ, ಅಲ್ಲಿಂದ ಅಯುತ್ಥಾಯಕ್ಕೆ ದೂತನನ್ನು ಕಳಿಸಿದ. ಆಗ ಇಲ್ಲಿ ಕೃಷ್ಣದೇವರಾಯ, ಅಲ್ಲಿ ಎರಡನೇ ರಾಮಾಧಿಪತಿ. ಇಬ್ಬರ ಆಳ್ವಿಕೆಯೂ ಮುಗಿದದ್ದು 1529ರಲ್ಲೇ. ಈ ಎರಡನೇ ರಾಮಾಧಿಪತಿ ಮುಂದೆ ಮತ್ತೆ ಸಿಗುತ್ತಾನೆ, ನೆನಪಿಟ್ಟುಕೊಳ್ಳಿ.

ಹಂಪಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಕಲ್ಲು. ಹಂಪಿಯದು ಬಂಡೆ. ಇಲ್ಲಿ ಬಂಡೆಯೇ ಇಲ್ಲ, ಎಲ್ಲ ನದಿ ಬಯಲು. ಆದ್ದರಿಂದ ಇಟ್ಟಿಗೆ ಕಟ್ಟಿ ಮೇಲೆ ಗಾರೆ ಬಳಿದರು. ಬೆಂಕಿಗೂ ಮಳೆಗೂ ಗಾರೆ ಉದುರಿತು, ಕೆಂಪು ಇಟ್ಟಿಗೆ ಉಳಿಯಿತು. ಅಲ್ಲಿ ಇಲ್ಲಿ ಗೋಡೆಯ ಮೂಲೆಯಲ್ಲಿ ಹಳೇ ಗಾರೆಯ ಎಲೆ, ಹೂವು ಒಂದಿಷ್ಟು ಅಂಟಿಕೊಂಡಿರುತ್ತದೆ. ಅದನ್ನು ಹುಡುಕಿ ನೋಡಿ. ಇಡೀ ಊರು ಒಂದು ಕಾಲಕ್ಕೆ ಹೇಗಿತ್ತು ಅಂತ ಆ ತುಣುಕಿನಿಂದ ಅಂದಾಜಾಗುತ್ತದೆ. ಊರು ಬಿದ್ದ ಮೇಲೆ ಇಲ್ಲಿನ ಇಟ್ಟಿಗೆಗಳನ್ನೇ ದೋಣಿಯಲ್ಲಿ ಸಾಗಿಸಿ ಬ್ಯಾಂಕಾಕ್ ಕಟ್ಟಿದರು. ಹಾಗಾಗಿ ಇಲ್ಲಿ ಕಾಣದ ಒಂದಿಷ್ಟು ಅಯುತ್ಥಾಯ ಬ್ಯಾಂಕಾಕಿನ ಗೋಡೆಗಳೊಳಗೆ ಕೂತಿದೆ.

ಹೆಜ್ಜೆ 1: ಸರಿಯಾದ ತಿಂಗಳು ಆರಿಸಿ

ನವೆಂಬರ್‌ನಿಂದ ಫೆಬ್ರವರಿ. ಅಷ್ಟೇ. ಮಾರ್ಚ್ ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಿಗೆ ಬೆವರು ಸೇರಿಸಿದಂತೆ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನದಿ ಉಕ್ಕುತ್ತದೆ. 2011ರ ಪ್ರವಾಹದಲ್ಲಿ ಇಲ್ಲಿನ ಎಷ್ಟೋ ಸ್ಮಾರಕಗಳು ನೀರಲ್ಲಿ ನಿಂತಿದ್ದವು. ಏಪ್ರಿಲ್ 13ರಿಂದ 15ರವರೆಗೆ ಸಾಂಗ್‌ಕ್ರಾನ್, ಅಂದರೆ ಸಂಕ್ರಾಂತಿ, ಥಾಯ್ ಹೊಸ ವರ್ಷ. ನೀರೆರಚಾಟ ಇಷ್ಟವಿದ್ದವರು ಹೋಗಬಹುದು. ದೇವಾಲಯ ನೋಡಲು ಅದು ಹೊತ್ತಲ್ಲ.

ಹೊರಡುವ ಮುಂಚೆ ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. 2025ರ ಮೇ ತಿಂಗಳಿಂದ ಇದು ಕಡ್ಡಾಯ. ಇಳಿಯುವ ದಿನಕ್ಕೆ ಮೂರು ದಿನ ಇರುವಾಗ ಸರ್ಕಾರಿ ಜಾಲತಾಣದಲ್ಲಿ ತುಂಬಿದರೆ ಸಾಕು, ದುಡ್ಡಿಲ್ಲ. ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡಿಸುವ ವಾರವೇ ನೋಡಿಕೊಳ್ಳಿ.

ಹೆಜ್ಜೆ 2: ರೈಲು ಹಿಡಿಯಿರಿ

ಬ್ಯಾಂಕಾಕಿನಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ. ಟ್ಯಾಕ್ಸಿ ಇದೆ, ಮಿನಿವ್ಯಾನ್ ಇದೆ. ನನ್ನ ಕೇಳಿದರೆ ಮೂರನೇ ದರ್ಜೆಯ ರೈಲು. ಇಪ್ಪತ್ತು ಬಾತ್ ಆಸುಪಾಸಿನ ಟಿಕೆಟ್, ಕಿಟಕಿ ತೆರೆದಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ನಡುನಡುವೆ ತಿಂಡಿ ಮಾರುವವರು ಹತ್ತುತ್ತಾರೆ. ನಮ್ಮ ಪ್ಯಾಸೆಂಜರ್ ಗಾಡಿಯೇ. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ.

ಇಲ್ಲೊಂದು ಗೊಂದಲ ಇದೆ. 2023ರ ಜನವರಿಯಿಂದ ದೂರದ ರೈಲುಗಳು ಬಾಂಗ್ ಸ್ಯೂ ಬಳಿಯ ಹೊಸ ನಿಲ್ದಾಣದಿಂದ ಹೊರಡುತ್ತವೆ. ಅದರ ಹೆಸರು ಕ್ರುಂಗ್ ಥೆಪ್ ಅಫಿವತ್. ಸಾಮಾನ್ಯ ರೈಲುಗಳು ಈಗಲೂ ಹಳೇ ಹುವಾ ಲಂಫೋಂಗ್‌ನಿಂದ ಹೊರಡುತ್ತವೆ. ಎರಡೂ ನಿಲ್ದಾಣಗಳಿಗೆ ನೀಲಿ ಮಾರ್ಗದ ಮೆಟ್ರೊ ಹೋಗುತ್ತದೆ. ಟಿಕೆಟ್ ಕೊಳ್ಳುವಾಗ ಯಾವ ನಿಲ್ದಾಣ ಅಂತ ಎರಡು ಸಲ ನೋಡಿ.

ಇನ್ನೊಂದು ಉಪಾಯ. ನಿಮ್ಮ ವಿಮಾನ ಡಾನ್ ಮುಯಾಂಗ್‌ನಲ್ಲಿ ಇಳಿಯುವುದಾದರೆ ಬ್ಯಾಂಕಾಕ್ ಒಳಗೆ ಹೋಗಲೇಬೇಡಿ. ಆ ವಿಮಾನ ನಿಲ್ದಾಣ ಊರಿನ ಉತ್ತರಕ್ಕಿದೆ, ಎದುರಿಗೇ ರೈಲು ನಿಲ್ದಾಣ. ಅಲ್ಲಿಂದ ನೇರ ಅಯುತ್ಥಾಯಕ್ಕೆ ಹೋಗಬಹುದು, ಅರ್ಧ ದಾರಿ ಉಳಿಯುತ್ತದೆ.

ಅಯುತ್ಥಾಯ ನಿಲ್ದಾಣ ದ್ವೀಪದ ಮೇಲಿಲ್ಲ, ಪಾಸಕ್ ನದಿಯ ಈಚೆ ದಡದಲ್ಲಿದೆ. ಇಳಿದ ಕೂಡಲೇ ಟುಕ್‌ಟುಕ್‌ನವರು ಲ್ಯಾಮಿನೇಟ್ ಮಾಡಿದ ಫೋಟೋ ಹಿಡಿದು ಸುತ್ತುವರಿಯುತ್ತಾರೆ. ನಗುತ್ತಾ ಮುಂದೆ ನಡೆಯಿರಿ. ರಸ್ತೆ ದಾಟಿ ಎದುರಿನ ಬೀದಿಯಲ್ಲಿ ನೇರ ಹೋದರೆ ದೋಣಿ ಕಟ್ಟೆ ಸಿಗುತ್ತದೆ. ಹತ್ತು ಬಾತ್ ಒಳಗೆ ಆಚೆ ದಡ. ಎರಡು ನಿಮಿಷದ ಪಯಣ. ರಾಜಧಾನಿಗೆ ನೀರಿನ ಮೇಲಿಂದ ಕಾಲಿಡುವ ಆ ಎರಡು ನಿಮಿಷ ಟ್ಯಾಕ್ಸಿಯಲ್ಲಿ ಬಂದವರಿಗೆ ಸಿಗುವುದಿಲ್ಲ.

ಹೆಜ್ಜೆ 3: ದ್ವೀಪದೊಳಗೆ ರೂಮು, ಬಾಗಿಲಿಗೆ ಸೈಕಲ್

ದೋಣಿ ಇಳಿದರೆ ಚಾವೊ ಫ್ರೋಮ್ ಮಾರುಕಟ್ಟೆ. ಅಲ್ಲಿಂದ ನರೇಸುವನ್ ರಸ್ತೆ ಪಶ್ಚಿಮಕ್ಕೆ ನೇರ ವಾಟ್ ಮಹಾಥಾಟ್ ದೇವಾಲಯದವರೆಗೆ ಹೋಗುತ್ತದೆ. ಈ ರಸ್ತೆಯ ಆಸುಪಾಸಿನಲ್ಲೇ ಸಣ್ಣ ಗೆಸ್ಟ್‌ಹೌಸ್‌ಗಳು ಜಾಸ್ತಿ. ಇಲ್ಲಿ ಉಳಿದರೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ನೀವೇ ಮೊದಲಿಗರು.

ದ್ವೀಪ ಚಪ್ಪಟೆಯಾಗಿದೆ, ಸೈಕಲ್ಲಿಗೆ ಹೇಳಿ ಮಾಡಿಸಿದ ಜಾಗ. ದಿನಕ್ಕೆ 50 ಬಾತ್ ಆಸುಪಾಸು. ಆದರೆ ಸೈಕಲ್ ತೆಗೆದುಕೊಳ್ಳುವಾಗ ಒಂದು ರೌಂಡು ಹೊಡೆದು ನೋಡಿ. ನಾನು ಒಂದು ಅಂಗಡಿಯಲ್ಲಿ ಬುಟ್ಟಿ ಚೆನ್ನಾಗಿದೆ ಅಂತ ಗುಲಾಬಿ ಬಣ್ಣದ್ದೊಂದು ಎತ್ತಿಕೊಂಡು ಬಂದೆ. ಎರಡು ಕಿಲೋಮೀಟರ್ ಆದ ಮೇಲೆ ಚೈನು ಬಿತ್ತು. ಹಾಕಿದೆ, ಮತ್ತೆ ಬಿತ್ತು. ಮೂರನೇ ಸಲ ಬೀಳುವ ಹೊತ್ತಿಗೆ ಕೈಯೆಲ್ಲ ಗ್ರೀಸು, ಎದುರಿಗೆ ಮೂರು ಬೀದಿನಾಯಿ, ತಲೆ ಮೇಲೆ ಹನ್ನೊಂದೂವರೆಯ ಸೂರ್ಯ. ತಳ್ಳಿಕೊಂಡೇ ವಾಪಸ್ ಬಂದೆ. ಬ್ರೇಕು, ಚೈನು, ಸೀಟು, ಬೀಗ, ಈ ನಾಲ್ಕನ್ನು ನೋಡಿ. ಬುಟ್ಟಿ ಆಮೇಲೆ.

ಸೈಕಲ್ ಬೇಡ ಅನ್ನುವವರಿಗೆ ಟುಕ್‌ಟುಕ್ ಇದೆ. ಇಲ್ಲಿನವು ಬ್ಯಾಂಕಾಕಿನವುಗಳಂತಲ್ಲ, ಮೂತಿ ದುಂಡಗೆ ಉಬ್ಬಿರುತ್ತದೆ. ಥಾಯ್ ಜನ ಅದನ್ನು ಕಪ್ಪೆತಲೆ ಗಾಡಿ ಅಂತಾರೆ. ಗಂಟೆ ಲೆಕ್ಕದಲ್ಲಿ ಬಾಡಿಗೆ, ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ದ್ವೀಪದ ಹೊರಗಿನ ಜಾಗಗಳಿಗೆ ಇದೇ ಸರಿ. ಆಚೆ ಹೆದ್ದಾರಿ, ಸೇತುವೆ, ಲಾರಿ ಎಲ್ಲ ಇವೆ, ಸೈಕಲ್ ಸಾಹಸ ಬೇಡ. ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳೂ ನಡೆಯುತ್ತವೆ.

ಹೆಸರು ಬಿಡಿಸಿ ಓದಿ

ಕನ್ನಡ ಬಲ್ಲವರಿಗೆ ಇಲ್ಲೊಂದು ಬೋನಸ್ ಇದೆ. ಬೋರ್ಡಿನ ಮೇಲಿನ ಹೆಸರುಗಳು ಬಾಯಲ್ಲಿ ತಿರುಗದ ಹಾಗೆ ಕಾಣುತ್ತವೆ. ಸ್ವಲ್ಪ ಅಲ್ಲಾಡಿಸಿದರೆ ಒಳಗಿಂದ ನಮ್ಮ ಪದಗಳು ಉದುರುತ್ತವೆ.

ವಾಟ್ ಅಂದರೆ ದೇವಾಲಯ. ಅಶೋಕವಾಟಿಕೆಯ ವಾಟವೇ. ಚೇದಿ ಅಂದರೆ ಚೈತ್ಯ, ಗಂಟೆಯಾಕಾರದ ಸ್ತೂಪ. ವಿಹಾನ್ ಅಂದರೆ ವಿಹಾರ, ಬುದ್ಧನ ಮೂರ್ತಿ ಇರುವ ಸಭಾಂಗಣ. ಪ್ರಾಂಗ್ ಮಾತ್ರ ಬೇರೆ, ಅದು ಕಾಂಬೋಡಿಯಾ ಶೈಲಿಯ ಗೋಪುರ, ಮುಸುಕಿನ ಜೋಳದ ತೆನೆ ನಿಲ್ಲಿಸಿದ ಹಾಗಿರುತ್ತದೆ. ಮಹಾಥಾಟ್ ಅಂದರೆ ಮಹಾಧಾತು. ಚಾಯ್ ಮೊಂಗ್‌ಖೋನ್ ಅಂದರೆ ಜಯಮಂಗಲ. ಚಾಯ್‌ವತ್ಥನಾರಾಮ್ ಅಂದರೆ ಜಯವರ್ಧನಾರಾಮ. ನನಗೆ ಇಷ್ಟವಾದದ್ದು ಸೀ ಸನ್‌ಫೆಟ್. ಥಾಯ್ ಲಿಪಿಯಲ್ಲಿ ಅಕ್ಷರ ಅಕ್ಷರ ಓದಿದರೆ ಅದು ಶ್ರೀ ಸರ್ವಜ್ಞ! ಬುದ್ಧನನ್ನೇ ಹಾಗೆ ಕರೆದದ್ದು. ನಮ್ಮ ತ್ರಿಪದಿಯ ಸರ್ವಜ್ಞನಿಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಅಲ್ಲಿ ನಿಂತು ಕೇಳುವಾಗ ಖುಷಿಯಾಗುತ್ತದೆ.

ಎದುರು ಸಿಕ್ಕವರಿಗೆ ಹೇಳುವ ಸವತ್‌ದೀ ನಮ್ಮ ಸ್ವಸ್ತಿ. ಥ್ಯಾಂಕ್ಸ್‌ಗೆ ಖೋಪ್ ಖುನ್, ಆ ಖುನ್ ನಮ್ಮ ಗುಣ. ಗಂಡಸರು ಕೊನೆಗೆ ಖ್ರಪ್ ಸೇರಿಸಬೇಕು, ಹೆಂಗಸರು ಖಾ.

ಇನ್ನು ಫಲಕಗಳಲ್ಲಿ ಇಸವಿ 1893, 2310 ಅಂತ ಕಂಡರೆ ಗಾಬರಿ ಬೇಡ. ಅದು ಬುದ್ಧವರ್ಷ. 543 ಕಳೆದರೆ ನಮ್ಮ ಇಸವಿ. 1893 ಅಂದರೆ 1350, 2310 ಅಂದರೆ 1767. ಊರು ಹುಟ್ಟಿದ್ದು, ಊರು ಬಿದ್ದದ್ದು.

ಹೆಜ್ಜೆ 4: ಮೊದಲ ಬೆಳಿಗ್ಗೆ, ಎಂಟರಿಂದ ಹನ್ನೊಂದು

ಎಂಟಕ್ಕೆ ಸರಿಯಾಗಿ ವಾಟ್ ಮಹಾಥಾಟ್ ಬಾಗಿಲಲ್ಲಿರಿ. ಟಿಕೆಟ್ ಕೌಂಟರಿನಲ್ಲಿ ಆರು ಸ್ಮಾರಕಗಳ ಒಟ್ಟು ಟಿಕೆಟ್ ಕೇಳಿ. ಬಹಳ ವರ್ಷ ವಿದೇಶಿಯರಿಗೆ ಒಂದಕ್ಕೆ 50 ಬಾತ್, ಆರಕ್ಕೂ ಸೇರಿ 220 ಬಾತ್ ಇತ್ತು. ದರ ಏರುವುದು ಇದ್ದದ್ದೇ, ಸ್ವಲ್ಪ ಜಾಸ್ತಿ ಚಿಲ್ಲರೆ ಇಟ್ಟುಕೊಂಡಿರಿ. ಐದು ಕಡೆ ಹೋಗುವವರಿಗೂ ಒಟ್ಟು ಟಿಕೆಟ್ ಕಡೆಗೇ ಲಾಭ.

ಒಳಗೆ ಹೋದ ತಕ್ಷಣ ಎಲ್ಲರೂ ಬುದ್ಧನ ತಲೆಯ ಕಡೆ ಓಡುತ್ತಾರೆ. ನೀವೂ ಓಡಿ, ತಪ್ಪಿಲ್ಲ. ಹತ್ತು ಗಂಟೆಗೆ ಅಲ್ಲಿ ಸಾಲು ಇರುತ್ತದೆ. ಆಲದ ಜಾತಿಯ ಮರದ ಬೇರುಗಳ ನಡುವೆ ಮರಳುಗಲ್ಲಿನ ಮುಖ, ಕಿವಿಯವರೆಗೂ ಬೇರು ತಬ್ಬಿಕೊಂಡಿದೆ. ಅದು ಅಲ್ಲಿಗೆ ಹೇಗೆ ಬಂತು ಅನ್ನುವುದಕ್ಕೆ ದಾಖಲೆ ಇಲ್ಲ. ಮೂರ್ತಿ ಮುರಿದು ಬಿದ್ದ ತಲೆಯ ಸುತ್ತ ಮರ ಬೆಳೆಯಿತು ಅನ್ನುತ್ತಾರೆ ಕೆಲವರು. ಕಳ್ಳರು ಸಾಗಿಸಲು ತಂದು ಬಿಟ್ಟುಹೋದರು ಅನ್ನುತ್ತಾರೆ ಇನ್ನು ಕೆಲವರು. ಫೋಟೋ ತೆಗೆಸಿಕೊಳ್ಳುವಾಗ ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಇರಕೂಡದು. ಕುಕ್ಕರುಗಾಲಲ್ಲಿ ಕೂರಬೇಕು. ಕಾವಲಿನವರು ಇದನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ.

ಆಮೇಲೆ ನಿಧಾನಕ್ಕೆ ಸುತ್ತಿ. ಈ ದೇವಾಲಯ ಶುರುವಾದದ್ದು 1374ರಲ್ಲಿ. ನಡುವಿನ ಪ್ರಾಂಗ್ ಕುಸಿದು ಈಗ ಬುಡ ಮಾತ್ರ ಇದೆ. ಸಾಲುಸಾಲು ತಲೆಯಿಲ್ಲದ ಬುದ್ಧರು ಕೂತಿದ್ದಾರೆ. ಎಲ್ಲವನ್ನೂ ಬರ್ಮಾದವರೇ ಕಡಿದದ್ದು ಅಂತ ಗೈಡುಗಳು ಹೇಳಿಬಿಡುತ್ತಾರೆ. ಅದು ಅರ್ಧ ಸತ್ಯ. ಆಮೇಲಿನ ವರ್ಷಗಳಲ್ಲಿ ನಿಧಿ ಹುಡುಕುವವರು, ಹಳೇ ವಸ್ತು ಮಾರುವವರು ಕೂಡ ತಲೆಗಳನ್ನು ಕೊಯ್ದು ಒಯ್ದರು. ತಲೆ ಇಲ್ಲದ ಮೂರ್ತಿಯ ಹಿಂದೆ ನಿಂತು ತಮ್ಮ ತಲೆ ಇಟ್ಟು ಫೋಟೋ ತೆಗೆಸಿಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅಲ್ಲಿನವರಿಗೆ ಅದು ಪಾಳು ಅಲ್ಲ, ಬುದ್ಧ.

ರಸ್ತೆ ದಾಟಿದರೆ ವಾಟ್ ರಾಚ್ಚಬುರಾಣ. ಇದರ ಕಥೆ ಕೇಳಿ. 1424ರಲ್ಲಿ ದೊರೆ ಸತ್ತ. ಪಟ್ಟಕ್ಕಾಗಿ ಅವನ ಇಬ್ಬರು ದೊಡ್ಡ ಮಕ್ಕಳು ಆನೆ ಮೇಲೆ ಕೂತು ಕಾದಾಡಿದರು. ಇಬ್ಬರೂ ಸತ್ತರು. ಪಟ್ಟ ಮೂರನೆಯವನಿಗೆ, ಚಾವೊ ಸಾಮ್ ಫ್ರಾಯಾಗೆ ಬಂತು. ಅಣ್ಣಂದಿರನ್ನು ಸುಟ್ಟ ಜಾಗದಲ್ಲಿ ಅವನು ಈ ದೇವಾಲಯ ಕಟ್ಟಿಸಿದ. ಪ್ರಾಂಗ್ ಇನ್ನೂ ನೆಟ್ಟಗೆ ನಿಂತಿದೆ, ಮೇಲೆ ಗಾರೆಯ ಗರುಡರೂ ಇದ್ದಾರೆ. ಇದರ ಹೊಟ್ಟೆಯೊಳಗೆ ನೆಲಮಾಳಿಗೆ. 1957ರಲ್ಲಿ ಕಳ್ಳರು ರಾತ್ರೋರಾತ್ರಿ ಕೊರೆದು ಚಿನ್ನ ಎತ್ತಿಕೊಂಡು ಹೋದರು. ಪೊಲೀಸರು ಒಂದಿಷ್ಟನ್ನು ವಾಪಸ್ ಹಿಡಿದರು, ಪುರಾತತ್ವದವರು ಒಳಗಿಳಿದು ಉಳಿದದ್ದನ್ನು ತೆಗೆದರು. ಆ ಚಿನ್ನ ಮಧ್ಯಾಹ್ನ ನೋಡೋಣ. ಈಗ ಮೆಟ್ಟಿಲು ಹತ್ತಿ, ಒಳಗೆ ಇಳಿಯಲು ಬಿಟ್ಟಿದ್ದರೆ ಇಳಿಯಿರಿ. ಕಡಿದಾದ ಮೆಟ್ಟಿಲು, ಒಬ್ಬರು ನಿಲ್ಲುವಷ್ಟು ಜಾಗ, ಸೆಕೆ, ಗೋಡೆ ಮೇಲೆ ಮಾಸಿದ ಚಿತ್ರಗಳು. ಮಂಡಿನೋವು ಇದ್ದವರು, ಇಕ್ಕಟ್ಟು ಆಗದವರು ಹೊರಗೇ ಇರಿ.

ಹತ್ತು ಗಂಟೆಗೆ ಸೈಕಲ್ ಏರಿ ಪಶ್ಚಿಮಕ್ಕೆ. ಕೊಳಗಳ ಪಾರ್ಕು ದಾಟಿದರೆ ವಾಟ್ ಫ್ರಾ ಸೀ ಸನ್‌ಫೆಟ್. ಒಂದೇ ಸಾಲಲ್ಲಿ ಮೂರು ಚೇದಿ. ಅಯುತ್ಥಾಯದ ಗುರುತೇ ಇದು. ಅರಮನೆಯ ಆವರಣದೊಳಗಿನ ದೇವಾಲಯ, ಭಿಕ್ಷುಗಳು ಇಲ್ಲಿ ವಾಸ ಇರಲಿಲ್ಲ. ಬ್ಯಾಂಕಾಕಿನ ಪಚ್ಚೆ ಬುದ್ಧನ ದೇವಾಲಯಕ್ಕೆ ಇದೇ ಮಾದರಿ. ಮೊದಲ ಎರಡು ಚೇದಿಗಳನ್ನು ಕಟ್ಟಿಸಿದವನು ಆಗ ಹೇಳಿದೆನಲ್ಲ, ಕೃಷ್ಣದೇವರಾಯನ ಕಾಲದವನು, ಎರಡನೇ ರಾಮಾಧಿಪತಿ. 1492ರಲ್ಲಿ ಅಪ್ಪನ ಮತ್ತು ಅಣ್ಣನ ಬೂದಿ ಇಡಲು ಕಟ್ಟಿಸಿದ. ಮೂರನೆಯದನ್ನು ಅವನ ಬೂದಿಗಾಗಿ ಮಗ ಕಟ್ಟಿಸಿದ. ಸುಮಾರು 16 ಮೀಟರ್ ಎತ್ತರದ, ಚಿನ್ನದ ತಗಡು ಹೊದಿಸಿದ ನಿಂತ ಬುದ್ಧ ಇಲ್ಲಿದ್ದ. 1767ರಲ್ಲಿ ಬೆಂಕಿ ಹಾಕಿ ಚಿನ್ನ ಕರಗಿಸಿಕೊಂಡರು.

ಪಕ್ಕದಲ್ಲೇ ವಿಹಾನ್ ಫ್ರಾ ಮೊಂಗ್‌ಖೋನ್ ಬೋಫಿಟ್. ದೊಡ್ಡ ಕಂಚಿನ ಬುದ್ಧ, ಪೀಠ ಬಿಟ್ಟೇ ಹನ್ನೆರಡು ಮೀಟರ್ ದಾಟುತ್ತಾನೆ. 1767ರಲ್ಲಿ ಮಾಡು ಕುಸಿದು ಬಹಳ ಕಾಲ ಈ ಬುದ್ಧ ಬಯಲಲ್ಲೇ ಕೂತಿದ್ದ. 1950ರ ದಶಕದಲ್ಲಿ ಮತ್ತೆ ಕಟ್ಟಿದಾಗ ಅದಕ್ಕೆ ದೇಣಿಗೆ ಕೊಟ್ಟವರಲ್ಲಿ ಬರ್ಮಾದ ಪ್ರಧಾನಿಯೂ ಇದ್ದರು. ಇದು ಪೂಜೆ ನಡೆಯುವ ಜಾಗ. ಭುಜ, ಮಂಡಿ ಮುಚ್ಚಿರಬೇಕು, ಚಪ್ಪಲಿ ಹೊರಗೆ, ಕೂತರೆ ಪಾದ ಬುದ್ಧನ ಕಡೆ ಚಾಚಬಾರದು.

ಹತ್ತಿರದಲ್ಲೇ ಆನೆ ಸವಾರಿ ನಡೆಯುತ್ತದೆ. ಕೆಂಪು ಛತ್ರಿ, ಜರಿ ಜೂಲು, ಕಾದ ಡಾಂಬರಿನ ಮೇಲೆ ಆನೆ. ನಾನು ಹತ್ತಲಿಲ್ಲ, ನೀವೂ ಹತ್ತದಿದ್ದರೆ ಒಳ್ಳೆಯದು.

ಹೆಜ್ಜೆ 5: ಮಧ್ಯಾಹ್ನ, ನೆರಳು ಮತ್ತು ಊಟ

ಹನ್ನೊಂದೂವರೆ ಆದ ಮೇಲೆ ಬಯಲಲ್ಲಿ ನಿಲ್ಲಬೇಡಿ. ಚಾವೊ ಸಾಮ್ ಫ್ರಾಯಾ ರಾಷ್ಟ್ರೀಯ ಮ್ಯೂಸಿಯಂಗೆ ಹೋಗಿ. ತೆರೆದಿದೆಯಾ ಅಂತ ಹಿಂದಿನ ದಿನ ರೂಮಿನವರನ್ನು ಕೇಳಿಕೊಳ್ಳಿ. ರಾಚ್ಚಬುರಾಣದ ನೆಲಮಾಳಿಗೆಯ ಚಿನ್ನ ಇಲ್ಲಿದೆ. ಕಾಲು ಮಡಿಸಿ ಕೂತ ಪುಟ್ಟ ಚಿನ್ನದ ಆನೆ, ಮೈಯೆಲ್ಲ ಹರಳು, ಸೊಂಡಿಲು ಮೇಲೆತ್ತಿದೆ. ಅಂಗೈಯಲ್ಲಿ ಹಿಡಿಯುವಷ್ಟೇ ಇದೆ. ಅದರ ಮುಂದೆ ನಾನು ಹತ್ತು ನಿಮಿಷ ನಿಂತಿದ್ದೆ. ಬೆಳಿಗ್ಗೆ ನೋಡಿದ ಖಾಲಿ ಇಟ್ಟಿಗೆ ಗೂಡಿನೊಳಗೆ ಇದು ಐನೂರು ವರ್ಷ ಕತ್ತಲಲ್ಲಿ ಕೂತಿತ್ತು. ನೆಲಮಾಳಿಗೆ ಮೊದಲು, ಮ್ಯೂಸಿಯಂ ಆಮೇಲೆ, ಈ ಕ್ರಮ ತಪ್ಪಿಸಬೇಡಿ. ಅದೇ ದೇವಾಲಯದಲ್ಲಿ ಸಿಕ್ಕ, ಬುದ್ಧನ ಅಚ್ಚು ಇರುವ ಸಣ್ಣ ಬಿಲ್ಲೆಗಳನ್ನು ಜನರಿಗೆ ಕೊಟ್ಟು, ಅವರಿಂದ ಬಂದ ಹಣದಲ್ಲೇ ಈ ಮ್ಯೂಸಿಯಂ ಕಟ್ಟಿದರು. 1961ರಲ್ಲಿ ತೆರೆಯಿತು.

ಊಟದ ವಿಷಯ. ಮಾಂಸ ತಿನ್ನುವವರಿಗೆ ಅಯುತ್ಥಾಯ ಹಬ್ಬ. ಸುಟ್ಟ ದೊಡ್ಡ ನದಿ ಸಿಗಡಿ, ದೋಣಿ ನೂಡಲ್ಸ್. ಹಿಂದೆ ದೋಣಿಯಲ್ಲೇ ಮಾರುತ್ತಿದ್ದರು, ಅದಕ್ಕೇ ಬಟ್ಟಲು ಅಷ್ಟು ಸಣ್ಣದು. ಅದರ ಸಾರಿಗೆ ರಕ್ತ ಸೇರಿಸುವ ರೂಢಿ ಇದೆ, ಗೊತ್ತಿದ್ದು ತಿನ್ನಿ.

ಸಸ್ಯಾಹಾರಿಗಳು "ವೆಜ್" ಅಂದರೆ ಕೆಲಸ ಆಗುವುದಿಲ್ಲ. ತರಕಾರಿ ಹಾಕಿ ಮೇಲೆ ಮೀನಿನ ಸಾಸ್ ಸುರಿಯುತ್ತಾರೆ, ಅವರ ಲೆಕ್ಕದಲ್ಲಿ ಅದು ಉಪ್ಪು ಇದ್ದ ಹಾಗೆ. ನೀವು ಹೇಳಬೇಕಾದ ಪದ "ಜೇ". ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರುವ ಅಂಗಡಿ ಅಂದರೆ ಜೇ ಅಂಗಡಿ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೇರೆ ಅಂಗಡಿಯಲ್ಲಿ "ಮಾಯ್ ಸಾಯ್ ನಾಮ್ ಪ್ಲಾ" ಅನ್ನಿ, ಮೀನಿನ ಸಾಸ್ ಹಾಕಬೇಡಿ ಅಂತ. ಮೊಟ್ಟೆ ಬೇಡದಿದ್ದರೆ "ಮಾಯ್ ಸಾಯ್ ಖಾಯ್". ಬ್ಯಾಗಲ್ಲಿ ಒಂದು ಪ್ಯಾಕೆಟ್ ಚಟ್ನಿಪುಡಿ ಇರಲಿ. ಬಿಸಿ ಅನ್ನ ಎಲ್ಲ ಕಡೆ ಸಿಗುತ್ತದೆ.

ಸಿಹಿಗೆ ಮಾತ್ರ ಯಾರೂ ಯೋಚಿಸಬೇಕಿಲ್ಲ. ರೋಟಿ ಸಾಯ್ ಮಾಯ್, ಅಂದರೆ ರೇಷ್ಮೆ ದಾರದ ರೊಟ್ಟಿ. ಇಲ್ಲಿನ ಮುಸ್ಲಿಂ ಕುಟುಂಬಗಳ ಕೈಕೆಲಸ ಇದು. ದ್ವೀಪದ ದಕ್ಷಿಣಕ್ಕೆ, ಸರ್ಕಾರಿ ಆಸ್ಪತ್ರೆಯ ಎದುರು ಅಂಗಡಿಗಳ ಸಾಲೇ ಇದೆ. ಅಂಗಡಿಯಾಕೆ ಅಂಗೈಯಲ್ಲಿ ಹಿಟ್ಟಿನ ಮುದ್ದೆ ಹಿಡಿದು ಕಾದ ಹೆಂಚಿಗೆ ಒಮ್ಮೆ ಒತ್ತಿ ತಿರುಗಿಸಿ ಎತ್ತಿಬಿಡುತ್ತಾಳೆ. ಹೆಂಚಿನ ಮೇಲೆ ಕಾಗದದಷ್ಟು ತೆಳ್ಳಗಿನ ಪೊರೆ ಉಳಿದಿರುತ್ತದೆ. ಅದೇ ರೊಟ್ಟಿ. ನೀರ್‌ದೋಸೆಗಿಂತ ತೆಳು. ಅದರೊಳಗೆ ಸಕ್ಕರೆಯ ಎಳೆಗಳನ್ನು ಕೂದಲಿನ ಹಾಗೆ ಇಟ್ಟು ಸುತ್ತಿ ತಿನ್ನುವುದು. ಎಳೆ ಮಾತ್ರ ಬಾಯಿಗೆ ಹಾಕಿಕೊಂಡರೆ ಸೋನ್ ಪಾಪ್ಡಿಯ ತಂಗಿ ಅನ್ನಿಸುತ್ತದೆ.

ಹೆಜ್ಜೆ 6: ಮೊದಲ ಸಂಜೆ, ನದಿಯಾಚೆ

ನಾಲ್ಕು ಗಂಟೆಗೆ ಎರಡು ದಾರಿ ಇವೆ. ಒಂದು, ದ್ವೀಪ ಸುತ್ತುವ ದೋಣಿ. ಗೆಸ್ಟ್‌ಹೌಸ್‌ನಲ್ಲೇ ಬುಕ್ ಮಾಡುತ್ತಾರೆ, ಸಾಮಾನ್ಯವಾಗಿ ವಾಟ್ ಫನನ್ ಚೋಂಗ್, ವಾಟ್ ಫುತ್ಥಾಯ್‌ಸವನ್, ವಾಟ್ ಚಾಯ್‌ವತ್ಥನಾರಾಮ್ ಮೂರು ಕಡೆ ನಿಲ್ಲಿಸುತ್ತಾರೆ. ಇನ್ನೊಂದು, ಟುಕ್‌ಟುಕ್ ಹಿಡಿದು ನೇರ ಚಾಯ್‌ವತ್ಥನಾರಾಮ್. ಮೊದಲ ಸಲವಾದರೆ ದೋಣಿ ಹತ್ತಿ.

ಫನನ್ ಚೋಂಗ್‌ನಲ್ಲಿ ಒಂದು ಗಳಿಗೆ ಕಾದು ನೋಡಿ. ಊರು ಹುಟ್ಟುವುದಕ್ಕೂ 26 ವರ್ಷ ಮುಂಚೆ, 1324ರಲ್ಲಿ ಕೂರಿಸಿದ ಬುದ್ಧ. 19 ಮೀಟರ್ ಎತ್ತರ. ಕಟ್ಟಡದೊಳಗೆ ತಲೆ ಎತ್ತಿದರೂ ಮುಖ ಪೂರ್ತಿ ಕಾಣುವುದಿಲ್ಲ. ಭಕ್ತರು ಕಾವಿ ಬಟ್ಟೆಯ ಸುರುಳಿ ಅರ್ಪಿಸುತ್ತಾರೆ. ಬುದ್ಧನ ತೊಡೆಯ ಮೇಲೆ ನಿಂತ ಹುಡುಗರು ಕೆಳಗಿಂದ ಎಸೆದ ಸುರುಳಿ ಹಿಡಿದು ಮೂರ್ತಿಗೆ ಹೊದಿಸುತ್ತಾರೆ. ಅದರ ಇನ್ನೊಂದು ತುದಿಯನ್ನು ಕೆಳಗೆ ಕೂತವರ ಮೇಲೆ ಬಿಡುತ್ತಾರೆ. ಇಡೀ ಗುಂಪು ಒಂದೇ ಕಾವಿ ಬಟ್ಟೆಯ ಕೆಳಗೆ ಕೈಮುಗಿದು ಕೂತಿರುತ್ತದೆ. ನಾನು ಹೋದಾಗ ಬಟ್ಟೆಯ ಅಂಚು ನನ್ನ ತಲೆ ಮೇಲೂ ಬಿತ್ತು. ಪಕ್ಕದ ಅಜ್ಜಿ ಅದನ್ನು ಸರಿಮಾಡಿ ಚೆನ್ನಾಗಿ ಹೊದಿಸಿದರು, ತೆಗೆಯಲಿಲ್ಲ. ಊರು ಬೀಳುವ ಮುಂಚೆ ಈ ಬುದ್ಧನ ಕಣ್ಣಲ್ಲಿ ನೀರು ಬಂತು ಅಂತ ಜನ ಹೇಳುತ್ತಾರೆ.

ಚಾಯ್‌ವತ್ಥನಾರಾಮ್ ಚಾವೊ ಫ್ರಾಯಾದ ಪಶ್ಚಿಮ ದಡದಲ್ಲಿದೆ. ಪ್ರಸಾತ್ ಥಾಂಗ್ ಎಂಬ ದೊರೆ 1630ರಲ್ಲಿ ಕಟ್ಟಿಸಿದ್ದು. ಪ್ರಸಾತ್ ಥಾಂಗ್ ಅಂದರೆ ಚಿನ್ನದ ಪ್ರಾಸಾದ. ನಡುವೆ 35 ಮೀಟರ್ ಎತ್ತರದ ಪ್ರಾಂಗ್, ಸುತ್ತ ಚಿಕ್ಕವು. ನೀರಿನ ಕಡೆಯಿಂದ ನೋಡಿದಾಗ ಹಿಂದೆ ಸೂರ್ಯ ಇಳಿಯುತ್ತಾನೆ, ಗೋಪುರಗಳು ಕಪ್ಪಾಗುತ್ತವೆ. ದೋಣಿ ಇಲ್ಲಿ ಎಂಜಿನ್ ನಿಲ್ಲಿಸಿ ಸುಮ್ಮನೆ ತೇಲಿತು. ಯಾರೂ ಮಾತಾಡಲಿಲ್ಲ.

ಇಲ್ಲಿ ಎಲ್ಲೆಲ್ಲೂ ಹಳೇ ಕಾಲದ ಥಾಯ್ ಉಡುಪಿನ ಹುಡುಗಿಯರು ಓಡಾಡುತ್ತಿರುತ್ತಾರೆ. 2018ರಲ್ಲಿ ಅಯುತ್ಥಾಯ ಕಾಲದ ಒಂದು ಟಿವಿ ಧಾರಾವಾಹಿ ಭಾರಿ ಜನಪ್ರಿಯವಾಯಿತು, ಅಂದಿನಿಂದ ಈ ಗೀಳು. ಎದುರಿನ ಅಂಗಡಿಗಳಲ್ಲಿ ಬಟ್ಟೆ ಬಾಡಿಗೆಗೆ ಸಿಗುತ್ತದೆ. ಕಚ್ಚೆ ಹಾಕುವ ರೀತಿ ನಮ್ಮ ಕಚ್ಚೆಪಂಚೆಗೆ ಹತ್ತಿರ, ನಿಮ್ಮನೆ ಅಜ್ಜ ನೋಡಿದರೆ ತಕ್ಷಣ ಗುರುತಿಸುತ್ತಾರೆ.

ಹೆಜ್ಜೆ 7: ಎರಡನೇ ಬೆಳಿಗ್ಗೆ

ಬೇಗ ಟುಕ್‌ಟುಕ್ ಹಿಡಿದು ಆಗ್ನೇಯಕ್ಕೆ, ವಾಟ್ ಯಾಯ್ ಚಾಯ್ ಮೊಂಗ್‌ಖೋನ್. ಒಟ್ಟು ಟಿಕೆಟ್ ಇಲ್ಲಿ ನಡೆಯುವುದಿಲ್ಲ, ಬೇರೆ ಸಣ್ಣ ಶುಲ್ಕ. 1357ರಲ್ಲಿ ಸಿಂಹಳದಲ್ಲಿ ಕಲಿತು ಬಂದ ಭಿಕ್ಷುಗಳಿಗಾಗಿ ಶುರುವಾದ ಆಶ್ರಮ. ದೊಡ್ಡ ಚೇದಿಯ ಹಿಂದೆ ನರೇಸುವನ್ ದೊರೆಯ ಕಥೆ ಇದೆ. 1590ರ ದಶಕದಲ್ಲಿ ಬರ್ಮಾದ ಯುವರಾಜನನ್ನು ಆನೆ ಮೇಲಿನ ಕಾಳಗದಲ್ಲಿ ಕೊಂದ. ಆನೆ ನುಗ್ಗಿದಾಗ ಹಿಂದೆ ಉಳಿದ ಸೇನಾಧಿಕಾರಿಗಳಿಗೆ ಮರಣದಂಡನೆ ಕೊಡಲು ಹೊರಟಿದ್ದನಂತೆ. ಇಲ್ಲಿನ ಹಿರಿಯ ಭಿಕ್ಷು ಬುದ್ಧಿ ಹೇಳಿ, ಸಿಟ್ಟು ತಣಿಸಿ, ಚೇದಿ ಕಟ್ಟು ಅಂದರಂತೆ.

ಆವರಣದ ಹಿಂದೆ ನರೇಸುವನ್‌ಗೊಂದು ಗುಡಿ ಇದೆ. ಸುತ್ತ ಬಣ್ಣಬಣ್ಣದ ಹುಂಜದ ಬೊಂಬೆಗಳು, ಸಣ್ಣದರಿಂದ ಆಳೆತ್ತರದವರೆಗೆ. ಹುಡುಗನಾಗಿದ್ದಾಗ ಅವನನ್ನು ಬರ್ಮಾದಲ್ಲಿ ಒತ್ತೆ ಇಟ್ಟುಕೊಂಡಿದ್ದರು. ಅಲ್ಲಿ ಅವನ ಹುಂಜ ಯುವರಾಜನ ಹುಂಜವನ್ನು ಸೋಲಿಸಿತು ಅಂತ ಐತಿಹ್ಯ. ಕೋಳಿ ಅಂಕ ಕಂಡ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊತ್ತು ಇದ್ದರೆ ದ್ವೀಪದ ಉತ್ತರಕ್ಕೆ ಕಾಲುವೆಯಾಚೆ ವಾಟ್ ನಾ ಫ್ರಾ ಮೇನ್‌ಗೆ ಹೋಗಿ. ಬರ್ಮಾ ಸೈನ್ಯ ಇಲ್ಲಿ ಬೀಡು ಬಿಟ್ಟಿದ್ದರಿಂದ ಇದನ್ನು ಸುಡಲಿಲ್ಲ. ಒಳಗೆ ಕಿರೀಟ ತೊಟ್ಟ ಬುದ್ಧ, ಕೆತ್ತನೆಯ ಮರದ ಮಾಡು. ಸುಡದೇ ಇದ್ದಿದ್ದರೆ ಇಡೀ ಅಯುತ್ಥಾಯ ಹೇಗಿರುತ್ತಿತ್ತು ಅಂತ ನೋಡಲು ಇದೊಂದೇ ಸಾಕು. ಬಯಲಲ್ಲಿ ಮಲಗಿದ ಬುದ್ಧ ಬೇಕಿದ್ದವರು ದ್ವೀಪದ ಪಶ್ಚಿಮಕ್ಕಿರುವ ವಾಟ್ ಲೋಕಯಸುಥಾರಾಮ್ ನೋಡಬಹುದು. ದೊಡ್ಡದು, ಬಿಟ್ಟಿ, ಹತ್ತು ನಿಮಿಷದ ಕೆಲಸ.

ಹೆಜ್ಜೆ 8: ವಾಪಸ್ ಹೋಗುವಾಗ ಬಾಂಗ್ ಪಾ ಇನ್

ಬ್ಯಾಂಕಾಕ್ ಕಡೆಯ ಅದೇ ರೈಲು ಮಾರ್ಗದಲ್ಲಿ ಬಾಂಗ್ ಪಾ ಇನ್ ನಿಲ್ದಾಣ ಸಿಗುತ್ತದೆ. ಎಲ್ಲ ಗಾಡಿಯೂ ನಿಲ್ಲುವುದಿಲ್ಲ, ಕೌಂಟರಿನಲ್ಲಿ ಕೇಳಿ. ಇಲ್ಲಿ ರಾಜರ ಬೇಸಿಗೆ ಅರಮನೆ ಇದೆ. ಪ್ರಸಾತ್ ಥಾಂಗ್ ಶುರುಮಾಡಿದ್ದು, ಈಗ ಕಾಣುವುದು ಬಹುಪಾಲು 19ನೇ ಶತಮಾನದ ಚುಲಾಲೊಂಗ್‌ಕೋರ್ನ್ ದೊರೆಯ ಕಾಲದ್ದು. ಕೊಳದ ನಡುವೆ ಐಸವನ್ ಥಿಪ್ಪಯ ಆತ್ ಅನ್ನುವ ಮಂಟಪ. ಐಶ್ವರ್ಯ ದಿವ್ಯ ಆಸನ, ಗೊತ್ತಾಯಿತಲ್ಲ? ಮಧ್ಯಾಹ್ನದ ಹೊತ್ತಿಗೆ ತಲುಪಿ, ನಾಲ್ಕಕ್ಕೆಲ್ಲ ಮುಚ್ಚುತ್ತಾರೆ. ಮಂಡಿ ಮೇಲಿನ ಬಟ್ಟೆಗೆ ಬಿಡುವುದಿಲ್ಲ.

ಅರಮನೆಯ ಎದುರಿನ ನಡುಗಡ್ಡೆಯಲ್ಲಿ ವಾಟ್ ನಿವೇತ್ ಇದೆ. ಅಲ್ಲಿಗೆ ತಂತಿ ಮೇಲೆ ಓಡುವ ಸಣ್ಣ ಪೆಟ್ಟಿಗೆಯಲ್ಲಿ ನದಿ ದಾಟಬೇಕು. ಆಚೆ ಇಳಿದರೆ ಕಾಣುವುದು ಚೂಪು ಗೋಪುರ, ಬಣ್ಣದ ಗಾಜಿನ ಕಿಟಕಿ, ಥೇಟ್ ಇಂಗ್ಲಿಷ್ ಚರ್ಚು. ಒಳಗೆ ಪೀಠದ ಮೇಲೆ ಬುದ್ಧ. ಚುಲಾಲೊಂಗ್‌ಕೋರ್ನ್ ದೊರೆಗೆ ಹೀಗೊಂದು ಬೇಕು ಅನ್ನಿಸಿತು, ಕಟ್ಟಿಸಿದ. 1878ರಲ್ಲಿ ಮುಗಿಯಿತು.

ಸಂಜೆಯ ರೈಲುಗಳು ತಡವಾಗುವುದು ಮಾಮೂಲು. ಅದೇ ರಾತ್ರಿ ವಿಮಾನ ಇದ್ದರೆ ಕನಿಷ್ಠ ಮೂರು ಗಂಟೆ ಕೈಯಲ್ಲಿ ಇಟ್ಟುಕೊಂಡು ಹೊರಡಿ. ಊರಿಗೆ ಅಂತ ಕಟ್ಟಿಸಿಕೊಂಡ ರೋಟಿ ಸಾಯ್ ಮಾಯ್‌ನ ಸಕ್ಕರೆ ಎಳೆಗಳು ಗಾಳಿ ತಾಗಿದರೆ ಅಂಟುಂಡೆ ಆಗುತ್ತವೆ. ರೊಟ್ಟಿ ಬೇರೆ, ಎಳೆ ಬೇರೆ ಪೊಟ್ಟಣದಲ್ಲಿ ಕೊಡುತ್ತಾರೆ. ಎಳೆಯ ಪೊಟ್ಟಣವನ್ನು ಮನೆಗೆ ಬರುವವರೆಗೂ ಬಿಚ್ಚಬೇಡಿ.